ದೇವರ ಪಟಕ್ಕೆ ಅಂಟಿಸಿದ ಮತ

ನನ್ನ ಗಂಡ ಬರಿಗೈಯಿಂದ ಹೊಡೆಯುವವನಲ್ಲ. ಸಿಟ್ಟು ಬಂದ ಗಳಿಗೆಯಲ್ಲಿ ಕೈಯಲ್ಲಿ ಏನಿರುತ್ತದೋ ಅದರಿಂದಲೇ ಹೊಡೆಯುತ್ತಿದ್ದ. ಟಿವಿ ರಿಮೋಟ್, ಲ್ಯಾಪ್‌ಟಾಪಿನ ಚಾರ್ಜರ್, ಒಮ್ಮೆ ಒಗ್ಗರಣೆಗೆ ಕಾಯಿಸಿದ್ದ ಸೌಟು. ಸೌಟಿನ ಗುರುತು ಎಡಗೈ ಮೇಲೆ ಈಗಲೂ ಇದೆ. ಅಡುಗೆ ಮಾಡುವಾಗ ಸುಟ್ಟುಕೊಂಡೆ ಎಂದರೆ ಎಲ್ಲರೂ ನಂಬುತ್ತಾರೆ. ಎದುರಿಗೆ ನಾನು ಅವನನ್ನು 'ರೀ' ಎಂದೇ ಕರೆದೆ, ಒಂದು ದಿನವೂ ಮರ್ಯಾದೆ ತಪ್ಪಲಿಲ್ಲ. ಇಲ್ಲಿ ಮಾತ್ರ ಅವನು, ಇವನು ಎಂದೇ ಬರೆಯುತ್ತೇನೆ. ಇಷ್ಟು ವರ್ಷ ಕೊಟ್ಟದ್ದೇ ಹೆಚ್ಚಾಯಿತು.

ನಾವಿದ್ದದ್ದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ. ಇಬ್ಬರದೂ ಧಾರವಾಡ ಕಡೆಯ ಮನೆತನ. ಅವನು ತೈಲ ಕಂಪನಿಯೊಂದರಲ್ಲಿ ಇಂಜಿನಿಯರ್. ಬೆಳಿಗ್ಗೆ ಮಡಿಯುಟ್ಟು ಪೂಜೆ ಮುಗಿಸಿ ಹೊರಟರೆ, ಸಂಜೆ ಐ-ಟೆನ್ ರಸ್ತೆಯ ಟ್ರಾಫಿಕ್ಕನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಬರುತ್ತಿದ್ದ. ಅಲ್ಲಿಯ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮಾತ್ರ ಅವನಷ್ಟು ಸಾಧು ಇನ್ನೊಬ್ಬನಿಲ್ಲ. ಕುರ್ಚಿ ಮಡಚುವವನು ಅವನೇ, ವಯಸ್ಸಾದವರಿಗೆ ತಟ್ಟೆ ಹಿಡಿದು ತರುವವನೂ ಅವನೇ. "ನಿಮ್ಮ ಮನೆಯವರು ಬಂಗಾರದಂಥೋರು ಕಣಮ್ಮ," ಎಂದು ಮೈಸೂರಿನ ಆಂಟಿಯೊಬ್ಬರು ಪ್ರತಿ ಸಲ ಹೇಳುತ್ತಿದ್ದರು. ಹೌದೌದು, ಬಂಗಾರ ತಲೆ ಮೇಲೆ ಬಿದ್ದರೆ ಎಷ್ಟು ಭಾರ ಎಂದು ನಿಮಗೇನು ಗೊತ್ತು ಎಂದುಕೊಂಡು ನಾನು ನಗುತ್ತಿದ್ದೆ.

ಮಗಳು ಒಬ್ಬಳೇ. ಆ ವರ್ಷ ಅವಳದು ಹೈಸ್ಕೂಲಿನ ಕೊನೆಯ ತರಗತಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಇಂಗ್ಲಿಷಿನಲ್ಲಿ. ಚಿಕ್ಕಂದಿನಿಂದ ರಟ್ಟು ಕತ್ತರಿಸಿ ಕಟ್ಟಡ ಕಟ್ಟುವ ಹುಚ್ಚು ಅವಳಿಗೆ. ಆಸ್ಟಿನ್‌ಗೆ ಹೋಗಿ, ಅಲ್ಲೇ ಹಾಸ್ಟೆಲಿನಲ್ಲಿದ್ದು ಆರ್ಕಿಟೆಕ್ಚರ್ ಓದಬೇಕು ಎಂದು ಅಪ್ಪನಿಗೆ ಹೇಳಿದ್ದು ಒಂದು ಶನಿವಾರ ಮಧ್ಯಾಹ್ನ. ತಾನು ಕಟ್ಟಿದ ಗ್ರಂಥಾಲಯದ ಮಾದರಿಯನ್ನು ಊಟದ ಮೇಜಿನ ಮೇಲೆ ತಂದಿಟ್ಟು, ಒಳಗಿನ ಪುಟ್ಟ ದೀಪ ಹಚ್ಚಿ ತೋರಿಸಿದಳು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಎದ್ದು, ಅದನ್ನು ಜೋಪಾನವಾಗಿ ಎರಡು ಕೈಯಲ್ಲೂ ಎತ್ತಿ ನೆಲಕ್ಕಿಟ್ಟು, ಅದರ ಮೇಲೆ ಕಾಲಿಟ್ಟ. ಅವಸರ ಮಾಡಲಿಲ್ಲ. ಒಂದು ಗೋಡೆ ಮುರಿದ ಸದ್ದು ಕೇಳಿದ ಮೇಲೆ ಇನ್ನೊಂದರ ಮೇಲೆ ಹೆಜ್ಜೆ ಇಟ್ಟ.

"ಹ್ಯೂಸ್ಟನ್‌ನಾಗ ಕಾಲೇಜಿಲ್ಲೇನು? ಮನ್ಯಾಗ ಇದ್ದು ಫಾರ್ಮಸಿ ಓದು. ಆಸ್ಟಿನ್‌ಗೆ ನಂದೊಂದು ರೂಪಾಯಿ ಬರಂಗಿಲ್ಲ," ಎಂದ. ಡಾಲರಿನ ದೇಶದಲ್ಲಿ ಅರ್ಧ ಆಯುಷ್ಯ ಕಳೆದರೂ ಸಿಟ್ಟಿನಲ್ಲಿ ಬಾಯಿಗೆ ಬರುವುದು ರೂಪಾಯಿಯೇ. ಮಗಳು ಅಳಲಿಲ್ಲ. ಪೊರಕೆ ತಂದು ಗುಡಿಸಿದಳು.

ಹಣದ ಕೊರತೆ ನಮಗಿರಲಿಲ್ಲ. ಕೊರತೆ ಇದ್ದಿದ್ದರೆ ಒಳ್ಳೆಯದಿತ್ತು. ಅವನ ಸಂಬಳ ನೋಡಿದ ಯಾವ ಕಾಲೇಜೂ ಇವಳಿಗೆ ಸಹಾಯ ಕೊಡುವಂತಿರಲಿಲ್ಲ. ಉಳ್ಳವರ ಮನೆ ಹುಡುಗಿ, ಅಪ್ಪ ಕೊಡುತ್ತಾನೆ ಎನ್ನುತ್ತದೆ ಅವರ ಲೆಕ್ಕ. ಅಪ್ಪ ಕೊಡದಿದ್ದರೆ ಏನು ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಪುಟ್ಟ ಮಕ್ಕಳ ಶಾಲೆಯೊಂದರಲ್ಲಿ ಟೀಚರಿಗೆ ಸಹಾಯಕಿ. ಮೂಗು ಒರೆಸುವುದು, ಜಗಳ ಬಿಡಿಸುವುದು ನನ್ನ ಕೆಲಸ. ಆ ಸಂಬಳ ನೋಡಿ ಬ್ಯಾಂಕಿನವರು, ಸಾಲ ಬೇಕಾದರೆ ಗಂಡನ ಸಹಿಯನ್ನೂ ಹಾಕಿಸಿ ತನ್ನಿ ಎಂದಿದ್ದರು.

ಆ ನವೆಂಬರಿನ ಮತದಾನದಲ್ಲಿ ಒಂದು ಪ್ರಸ್ತಾವ ಇದೆ ಎಂದು ಹೇಳಿದ್ದು ಶಾಲೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವಳು. ಅವಳೂ ಕಾಲೇಜಿಗೆ ಹೋಗುವ ಹುಡುಗನ ತಾಯಿ. ರಾಜ್ಯ ಸರ್ಕಾರ ತಾನೇ ಹೊಣೆ ನಿಂತು, ಕಾಲೇಜು ಮಕ್ಕಳ ತಂದೆತಾಯಿಗೆ ಸಾಲ ಕೊಡಬಹುದೇ ಎಂಬ ಪ್ರಶ್ನೆ ಅದು. ಒಪ್ಪುವವರು 'ಪರ' ಎಂದು ಒತ್ತಬೇಕು, ಒಪ್ಪದವರು 'ವಿರುದ್ಧ' ಎಂದು. ವಕೀಲರ ಭಾಷೆ ನನಗೆ ತಿಳಿಯಲಿಲ್ಲ, ಆದರೆ ಅವಳು ತಿಳಿಸಿ ಹೇಳಿದ ಒಂದು ಮಾತು ನೆಟ್ಟಗೆ ಎದೆಗೆ ಹೋಯಿತು. ತಂದೆ ಅಥವಾ ತಾಯಿ, ಇಬ್ಬರಲ್ಲಿ ಯಾರಾದರೂ ಒಬ್ಬರು ಸಹಿ ಹಾಕಿದರೆ ಸಾಕು. ಆ ದಿನ ಮಕ್ಕಳಿಗೆ ಹಾಲು ಕೊಡುವಾಗ ಎರಡು ಲೋಟ ಚೆಲ್ಲಿದೆ.

ಅವನೂ ಸುಮ್ಮನಿರಲಿಲ್ಲ. ಸಂಘದ ದೀಪಾವಳಿ ಊಟದಲ್ಲಿ ಹೋಳಿಗೆ ತಿನ್ನುತ್ತ ಗಂಡಸರ ಗುಂಪಿನ ನಡುವೆ ಅದರ ವಿರುದ್ಧ ಭಾಷಣ ಬಿಗಿದ. ಸರ್ಕಾರ ಸಾಲ ಕೊಟ್ಟರೆ ಮಕ್ಕಳು ತಂದೆತಾಯಿ ಮಾತು ಕೇಳ್ತಾವೇನ್ರಿ ಎಂದ. ಎಲ್ಲರೂ ತಲೆ ಆಡಿಸಿದರು. ನನಗೆ ಆ ಹೋಳಿಗೆಯ ತಟ್ಟೆಯನ್ನು ಅವನ ಮುಖಕ್ಕೆ ಒತ್ತಿ ತಿಕ್ಕಬೇಕು ಅನ್ನಿಸಿತು. ಬದಲಿಗೆ ಇನ್ನೊಂದು ಚಮಚ ತುಪ್ಪ ಬಡಿಸಿದೆ.

ನಾನು ಇಲ್ಲಿಯ ಪ್ರಜೆಯಾದ ಮೇಲೆ ಪ್ರತಿ ಚುನಾವಣೆಗೂ ಅವನೇ ಕರೆದುಕೊಂಡು ಹೋಗುತ್ತಿದ್ದ. ಯಾರಿಗೆ, ಯಾವುದಕ್ಕೆ ಎಂದು ಕಾರಿನಲ್ಲೇ ಬಾಯಿಪಾಠ ಮಾಡಿಸುತ್ತಿದ್ದ. ಆ ಸಲ ನಾನು ಹೇಳದೆ ಕೇಳದೆ ಮೊದಲೇ ಹೋದೆ. ಶಾಲೆ ಮುಗಿಸಿ ನೇರವಾಗಿ ಲೈಬ್ರರಿಗೆ ಡ್ರೈವ್ ಮಾಡಿದೆ. ಚುನಾವಣೆಯ ದಿನಕ್ಕೆ ಮೊದಲೇ ಮತ ಹಾಕಬಹುದಾದ ಮುಂಚಿತ ಮತದಾನ ಅಲ್ಲಿ ನಡೆಯುತ್ತಿತ್ತು. ಪರದೆ ಮೇಲೆ ಆ ಪ್ರಸ್ತಾವ ಬಂತು. 'ಪರ' ಎಂಬುದನ್ನು ಅಷ್ಟು ಜೋರಾಗಿ ಒತ್ತುವ ಅಗತ್ಯವಿರಲಿಲ್ಲ. ಹೊರಗೆ ಬರುವಾಗ ವಯಸ್ಸಾದ ಹೆಂಗಸೊಬ್ಬರು, ಮತ ಹಾಕಿದೆ ಎಂದು ಸಾರುವ ಪುಟ್ಟ ಸ್ಟಿಕ್ಕರ್ ಕೊಟ್ಟರು.

ಬೇರೆ ಯಾರಾದರೂ ಆಗಿದ್ದರೆ ಅದನ್ನು ಕಸದ ಡಬ್ಬಿಗೆ ಹಾಕಿ ಮನೆಗೆ ಬರುತ್ತಿದ್ದರು. ನಾನು ಮನೆಗೆ ತಂದು ದೇವರ ಪಟಕ್ಕೆ ಅಂಟಿಸಿದೆ. ನಮ್ಮಲ್ಲಿ ಹೊಸದು ಏನೇ ಬರಲಿ ಮೊದಲು ದೇವರ ಮುಂದೆ. ಹೊಸ ಕಾರಿನ ಕೀಲಿ, ಗ್ರೀನ್ ಕಾರ್ಡಿನ ಲಕೋಟೆ, ಮಗಳ ಡ್ರೈವಿಂಗ್ ಲೈಸೆನ್ಸ್, ಎಲ್ಲದಕ್ಕೂ ಕುಂಕುಮ ಬಿದ್ದೇ ಬಿದ್ದಿದೆ. ಹಾಗೆಯೇ ಇದೂ. ಸರಸ್ವತಿಯ ಪಟದ ಕೆಳಗಿನ ಮೂಲೆಗೆ ಹಚ್ಚಿ, ಇದೊಂದು ಮಾಡಿಕೊಡು ತಾಯಿ ಎಂದು ಕೈ ಮುಗಿದು, ಮೇಲೊಂದು ಸೇವಂತಿಗೆ ಇಟ್ಟು ಮುಚ್ಚಿದೆ. ದಿನಾ ಬೆಳಿಗ್ಗೆ ಹಳೆ ಹೂ ತೆಗೆಯುವವನು ಅವನು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನು ಪೂಜಿಸುವ ದೇವರ ಹತ್ತಿರವೇ ಅವನಿಂದ ಬಚ್ಚಿಟ್ಟದ್ದನ್ನು ಒಯ್ದು ಒಪ್ಪಿಸಿದೆ. ಬೇರೆ ದೇವರು ನನ್ನ ಬಳಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಗಂಟೆಯ ಸದ್ದು ನಡುವೆಯೇ ನಿಂತಿತು. "ಬಾ ಇಲ್ಲೆ," ಎಂದು ಕರೆದ. ಹೋದೆ. ಎಡಗೈಯಲ್ಲಿ ಹಿತ್ತಾಳೆಯ ಗಂಟೆ ಹಿಡಿದುಕೊಂಡೇ ಇದ್ದ.

"ಇದೇನು?"

"ವೋಟ್ ಮಾಡಿ ಬಂದೆರಿ."

"ಯಾರ ಜೋಡಿ ಹೋಗಿದ್ದಿ?"

"ಒಬ್ಬಾಕಿನ."

"ಆ ಸಾಲದ್ದಕ್ಕ ಏನು ಒತ್ತಿದಿ?"

ಸುಳ್ಳು ಹೇಳುವುದರಲ್ಲಿ ನಾನೇನು ಕಡಿಮೆಯವಳಲ್ಲ. ಆದರೆ ದೀಪ ಉರಿಯುತ್ತಿತ್ತು, ಸರಸ್ವತಿ ನೋಡುತ್ತಿದ್ದಳು. "ಪರ ಅಂತ ಒತ್ತೇನ್ರಿ," ಎಂದೆ.

ಮೊದಲ ಏಟು ಹುಬ್ಬಿನ ಮೇಲೆ ಬಿತ್ತು. ಗಂಟೆ ಮೊಳಗಿತು. ಎರಡನೆಯದು ಕಿವಿಯ ಹಿಂದೆ, ಆಗಲೂ ಮೊಳಗಿತು. ಕಣ್ಣಿಗೆ ರಕ್ತ ಇಳಿದು ಏನೂ ಕಾಣದಾಯಿತು. ಪ್ರತಿ ಏಟಿಗೂ ಮಂಗಳಾರತಿಯ ಸದ್ದು. ಗಂಟೆಯ ಸದ್ದಿನಲ್ಲಿ ಏನೋ ತಪ್ಪಿದೆ ಎಂದು ಮಹಡಿಯ ಮೇಲಿದ್ದ ಮಗಳಿಗೆ ಹೊಳೆದಿರಬೇಕು. ಓಡಿ ಬಂದವಳು ಅವನ ಮೇಲೆ ಬಿದ್ದು ಮುಂಗೈ ಕಚ್ಚಿದಳು. ಬಿಡಲಿಲ್ಲ. ಗಂಟೆ ಕೈಜಾರಿ ಬೀಳುವವರೆಗೂ ಬಿಡಲಿಲ್ಲ. ಅವನು ಇನ್ನೊಂದು ಕೈಯಿಂದ ಅವಳ ಜಡೆ ಸುತ್ತಿ ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಮಗಳ ಮೇಲೆ ಅವನ ಕೈ ಬಿದ್ದದ್ದು ಅದೇ ಮೊದಲು.

ಆಮೇಲೆ ಅವನು ಬಚ್ಚಲಿಗೆ ಹೋಗಿ ಕೈತೊಳೆದು ಬಂದ. ನೆಲದ ಮೇಲಿದ್ದ ಗಂಟೆಯನ್ನು ತೊಳೆದು ಒರೆಸಿದ. ಅಮ್ಮ ಮಗಳು ಗೋಡೆಗೆ ಆನಿಕೊಂಡು ಬಿದ್ದಿದ್ದಂತೆಯೇ ನಿಂತುಹೋದ ಪೂಜೆ ಮುಗಿಸಿ, ತೀರ್ಥ ತೆಗೆದುಕೊಂಡು, ಆಫೀಸಿಗೆ ಹೋದ.

ಮಗಳು ಕರೆದೊಯ್ದ ಚಿಕಿತ್ಸಾಲಯದಲ್ಲಿ ಹುಬ್ಬಿಗೆ ಹೊಲಿಗೆ ಹಾಕಿದರು. ನರ್ಸ್ ಮಗಳನ್ನು ಹೊರಗೆ ಕಳಿಸಿ, ಮನೆಯಲ್ಲಿ ನಿಮಗೆ ಭಯವಿದೆಯೇ ಎಂದು ಮೆಲ್ಲಗೆ ಕೇಳಿದಳು. ಪೂಜಾ ಕಪಾಟಿನ ಬಾಗಿಲು ತಾಗಿತು ಎಂದೆ. ಆಮೇಲೆ ಹೊರಗೆ ಮಗಳನ್ನೂ ಬೇರೆಯಾಗಿ ಕೇಳಿದ್ದಾರೆ. ಅವಳೂ ಕಪಾಟಿನ ಬಾಗಿಲು ಎಂದಿದ್ದಾಳೆ. ನಾವಿಬ್ಬರೂ ಮಾತಾಡಿಕೊಂಡಿರಲಿಲ್ಲ. ಕಾರಿನಲ್ಲಿ ಅದನ್ನು ಹೇಳಿ, ನಾನು ಸರಿಯಾಗಿ ಹೇಳಿದೆನಾ ಎಂಬಂತೆ ನನ್ನ ಮುಖ ನೋಡಿದಳು. ನಾಚಿಕೆಯಿಂದ ಸತ್ತುಹೋಗೋಣ ಎನಿಸಿತು.

ಆ ವಾರಾಂತ್ಯ ನನ್ನ ಅಣ್ಣ ಬಂದ. ಡಲಾಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ ಅವನ ಮನೆ. ನಾನು ಕರೆದಿರಲಿಲ್ಲ, ಗಂಡನೇ ಫೋನ್ ಮಾಡಿ ಕರೆಸಿದ್ದ. ಪಂಚಾಯಿತಿ ಮಾಡಲು ಹಿರಿಯರೊಬ್ಬರು ಬೇಕಲ್ಲ. ಇಬ್ಬರೂ ಸೋಫಾದಲ್ಲಿ ಕೂತು ಅವಲಕ್ಕಿ ತಿಂದರು. ಅಣ್ಣ ನನ್ನ ಹುಬ್ಬಿನ ಹೊಲಿಗೆಯನ್ನು ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿ ಹೇಳಿದ: "ನೋಡವಾ ತಂಗಿ, ಹೊಡದದ್ದು ತಪ್ಪು. ನಾ ಇಲ್ಲ ಅನ್ನಂಗಿಲ್ಲ. ಆದ್ರ ದೇವರ ಪಟಕ್ಕ ಅದನ್ನ ಯಾಕ ಹಚ್ಚಿದಿ? ಅವ್ರಿಗೆ ಮನಸ್ಸಿಗೆ ಹತ್ತೂದಿಲ್ಲೇನು? ಇಬ್ಬರೂ ಒಂದೊಂದು ಹೆಜ್ಜಿ ಹಿಂದ ಸರೀರಿ."

ನನ್ನ ಕೈಯಲ್ಲಿ ಚಹಾದ ಪಾತ್ರೆ ಇತ್ತು. ಬೀಸಿ ಎಸೆದೆ. ಇಬ್ಬರ ತಲೆಯ ನಡುವೆ ಹಾದು ಗೋಡೆಗೆ ಬಡಿಯಿತು. ಕುದಿಯುವ ಚಹಾ ಅಣ್ಣನ ತೋಳಿನ ಮೇಲೆ ಹಾರಿ, ಅವನು ಅಯ್ಯಯ್ಯೋ ಎಂದು ಕುಣಿದ. "ನೀನೂ ಒಂದು ಹೆಜ್ಜಿ ಹಿಂದ ಸರಿಯಣ್ಣಾ," ಎಂದೆ. ತೋಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಅವನು ಊಟಕ್ಕೂ ನಿಲ್ಲದೆ ವಾಪಸ್ ಹೊರಟ. ಅವನ ಕಾರು ತಿರುವು ದಾಟುವವರೆಗೆ ಕಾದಿದ್ದ ಗಂಡ, ಅದೇ ಪಾತ್ರೆ ಎತ್ತಿಕೊಂಡು ನನ್ನ ಬೆನ್ನು ಹಣ್ಣು ಮಾಡಿದ.

ಪ್ರಸ್ತಾವ ಗೆದ್ದಿತು. ಡಬ್ಬಿ ಕಟ್ಟುವಾಗ ಮಗಳು ಫೋನ್ ತಂದು ತೋರಿಸಿದಳು, ನಾವಿಬ್ಬರೂ ಸದ್ದಿಲ್ಲದೆ ಅಪ್ಪಿಕೊಂಡೆವು. ಯಾರು ಯಾರೋ, ನನ್ನ ಮುಖ ನೋಡದ ಲಕ್ಷಾಂತರ ಜನ, ನನ್ನ ಹಾಗೆಯೇ ಒತ್ತಿದ್ದರು. ಒಬ್ಬ ಗಂಡಸಿನ ಮಾತನ್ನು ಇಡೀ ಟೆಕ್ಸಾಸ್ ತಳ್ಳಿಹಾಕಿತು ಎಂದು ಹಿಗ್ಗಿದೆ. ಅವನಿಗೂ ಸುದ್ದಿ ತಿಳಿದಿತ್ತು. "ಸಹಿ ಹಾಕು. ಆಕಿ ಹೋಗ್ತಾಳೇನು ನೋಡೂಣು," ಎಂದಷ್ಟೇ ಹೇಳಿ ಮೊಸರನ್ನ ಕಲಸಿದ. ಆ ಮಾತಿನ ಅರ್ಥ ನನಗೆ ಆಗ ತಿಳಿಯಲಿಲ್ಲ.

ಹಿಂದೆ ಅವನು ಹೊಡೆಯುತ್ತಿದ್ದದ್ದು ಬಾಗಿಲು ಹಾಕಿಕೊಂಡು. ಆ ಚಳಿಗಾಲದಿಂದ ಬಾಗಿಲು ತೆರೆದೇ ಹೊಡೆಯತೊಡಗಿದ. ಮಗಳು ಓದುವ ಮೇಜಿನ ಪಕ್ಕದಲ್ಲಿ, ಅವಳು ಊಟಕ್ಕೆ ಕೂತಾಗ, ಅವಳ ಗೆಳತಿ ಮನೆಗೆ ಬಂದು ಹೋದ ಮರುಗಳಿಗೆಯಲ್ಲಿ. ಒಮ್ಮೆ ಕುಕ್ಕರಿನ ಮುಚ್ಚಳ, ಒಮ್ಮೆ ಶೂ. ಮಗಳು ಅಡ್ಡ ಬಂದರೆ ಅವಳನ್ನು ಒಂದು ಕೈಯಿಂದ ಆಚೆ ತಳ್ಳಿ, ಮತ್ತೆ ನನ್ನ ಕಡೆಗೆ ತಿರುಗುತ್ತಿದ್ದ. ಅವಳಿಗೆ ಏಟು ಬೀಳದಂತೆ ನೋಡಿಕೊಳ್ಳುತ್ತಿದ್ದ. ಸಿಟ್ಟಿನ ಕುರುಡು ಅದಲ್ಲ ಎಂದು ನನಗೆ ಅಷ್ಟಕ್ಕೇ ಗೊತ್ತಾಗಬೇಕಿತ್ತು.

ವಸಂತದಲ್ಲಿ ಆಸ್ಟಿನ್‌ನ ಸೀಟು ಬಂತು. ಸಾಲಕ್ಕೂ ನನ್ನೊಬ್ಬಳ ಸಹಿಯೇ ಸಾಕಾಯಿತು. ನಾನು ಶ್ಯಾವಿಗೆ ಪಾಯಸಕ್ಕೆ ಇಟ್ಟೆ. ಮಗಳು ಅಡುಗೆಮನೆ ಕಟ್ಟೆಗೆ ಒರಗಿ, ತಾನು ಹೋಗುವುದಿಲ್ಲ, ಹ್ಯೂಸ್ಟನ್‌ನಲ್ಲೇ ಇರುತ್ತೇನೆ ಎಂದಳು. ಯಾಕೆ ಎಂದೆ.

"ಇಫ್ ಐ ಗೋ, ಹೀ ವಿಲ್ ಕಿಲ್ ಯು," ಎಂದಳು. ಆಮೇಲೆ ಕನ್ನಡದಲ್ಲಿ, "ಅಮ್ಮಾ, ನಾ ಇಲ್ಲೇ ಇರ್ತೀನಿ."

ಪಾಯಸ ಉಕ್ಕಿ ಒಲೆಯ ಮೇಲೆ ಹರಿಯಿತು. ಕೆಲವು ತಿಂಗಳಿಂದ ನನ್ನ ಮೈಮೇಲೆ ಬೀಳುತ್ತಿದ್ದ ಏಟೆಲ್ಲ ಯಾರಿಗೆ ಹಾಕಿದ್ದು ಎಂದು ಆಗ ಅರ್ಥವಾಯಿತು. ಸಾಲ ತಪ್ಪಿಸಲು ಅವನಿಂದ ಆಗಲಿಲ್ಲ. ಮಗಳನ್ನು ಕಟ್ಟಿಹಾಕಲು ಹಗ್ಗ ಬೇಕಿತ್ತು, ನನ್ನನ್ನೇ ಹೊಸೆಯುತ್ತಿದ್ದ. ಕಾಲೇಜಿಗೆ ಒಪ್ಪಿಗೆ ತಿಳಿಸಲು ಇನ್ನು ಒಂದು ವಾರವೂ ಉಳಿದಿರಲಿಲ್ಲ. ಮಗಳನ್ನು ತಬ್ಬಿಕೊಳ್ಳಲೂ ಆಗದಷ್ಟು ಸಿಟ್ಟು ಬಂತು ನನಗೆ, ಅವನ ಮೇಲೆ, ಇಷ್ಟು ವರ್ಷ ಹೊಡೆಸಿಕೊಂಡ ಈ ಮೈಯ ಮೇಲೆ.

ಮರುದಿನ ಭಾನುವಾರ. ಗ್ಯಾರೇಜಿನಲ್ಲಿ ಅವನು ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡು ಕೂತಿದ್ದ. ರಸ್ತೆ ಕಡೆಯ ದೊಡ್ಡ ಬಾಗಿಲು ತೆರೆದಿತ್ತು. ನಾನು ಅಲ್ಲಿಗೆ ಹೋಗಿ, ಮಗಳು ಆಸ್ಟಿನ್‌ಗೆ ಹೋಗುವವಳೇ ಎಂದು ಹೇಳಿದೆ. ಅವನು ತಲೆ ಎತ್ತಲಿಲ್ಲ. ಮನೆಯೊಳಗಿನ ಬಾಗಿಲ ಕಡೆ ತಿರುಗಿ ಮಗಳನ್ನು ಕೂಗಿದ: "ಏ, ಕೆಳಗ ಬಾ!" ಅವಳು ಬಂದು ಮೆಟ್ಟಿಲ ಮೇಲೆ ನಿಲ್ಲುವವರೆಗೆ ಕಾದ. ಅವಳು ನೋಡುತ್ತಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ಕೈಯಲ್ಲಿದ್ದ ಸ್ಪ್ಯಾನರ್ ಬೀಸಿದ. ಹೆಗಲ ಬಳಿ ಎಲುಬು ಮುರಿದ ಸದ್ದು ನನಗೇ ಕೇಳಿಸಿತು.

ನಾನು ಒಳಗೆ ಓಡಲಿಲ್ಲ. ಬೀಳುತ್ತ ಏಳುತ್ತ ಹೊರಗೆ, ಬಿಸಿಲಿಗೆ, ಕಾರು ನಿಲ್ಲಿಸುವ ಜಾಗಕ್ಕೆ ಬಂದು, ಜೀವನದಲ್ಲಿ ಮೊದಲ ಸಲ ಪೊಲೀಸರ ತುರ್ತು ನಂಬರ್ 911 ಒತ್ತಿದೆ. ನನ್ನ ಗಂಡ ನನ್ನನ್ನು ಹೊಡೆಯುತ್ತಿದ್ದಾನೆ, ಮಗಳು ಒಳಗಿದ್ದಾಳೆ ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. ಎದುರು ಮನೆಯವರು ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿದರು. ಅಷ್ಟರಲ್ಲಿ ಗುರ್ರೆಂದು ಗ್ಯಾರೇಜಿನ ಬಾಗಿಲು ಇಳಿಯತೊಡಗಿತು. ಅವನು ಒಳಬಾಗಿಲಿಗೆ ಅಡ್ಡ ನಿಂತು ಗುಂಡಿ ಒತ್ತಿದ್ದ. ಮಗಳು ಅವನೊಡನೆ ಒಳಗೆ.

ಆ ಬಾಗಿಲಿಗೆ ಒಂದು ಗುಣ ಉಂಟು. ಕೆಳಗೆ ಏನಾದರೂ ಅಡ್ಡ ಬಂದರೆ ತಾನಾಗಿ ಮೇಲಕ್ಕೆ ಹೋಗುತ್ತದೆ. ನಾನು ಹೊಸ್ತಿಲಿಗೆ ಅಡ್ಡಲಾಗಿ ಮಲಗಿಬಿಟ್ಟೆ. ಬಾಗಿಲು ಅರ್ಧ ಇಳಿದು, ತಡೆದು, ಮೇಲೆ ಹೋಯಿತು. ಅವನು ಮತ್ತೆ ಒತ್ತಿದ. ಮತ್ತೆ ಇಳಿಯಿತು, ಮತ್ತೆ ಏರಿತು. ಅವನು ಬಂದು ನನ್ನ ಪಕ್ಕೆಗೆ ಒದ್ದ, ಉರುಳಿಸಲು ನೋಡಿದ. ನಾನು ಪೆಟ್ಟಾಗದ ಕೈಯಿಂದ ಬಾಗಿಲ ಹಳಿಯನ್ನು ಹಿಡಿದುಕೊಂಡೆ. ಒದ್ದಷ್ಟೂ ಹಲ್ಲು ಕಚ್ಚಿ ಮಗಳಿಗೆ ಹೇಳಿದೆ: "ದಾಟು! ನನ್ನ ದಾಟಿ ಹೋಗು!" ತಾಯಿಯನ್ನು ದಾಟಬಾರದು ಎಂದು ಚಿಕ್ಕಂದಿನಲ್ಲಿ ನಾನೇ ಅವಳಿಗೆ ಕಲಿಸಿದ್ದೆ. ಅವಳು ನಿಂತೇ ಇದ್ದಳು. ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದೆ. ಆಗ ಅವಳು ನನ್ನನ್ನು ಹಾರಿ ದಾಟಿ, ಎದುರು ಮನೆಯತ್ತ ಓಡಿದಳು.

ಪೊಲೀಸರು ಬಂದಾಗ ಅವನು ಸಂಘದಲ್ಲಿ ಮಾತಾಡುವ ದನಿಯಲ್ಲೇ ಮಾತಾಡಿದ. ಆದರೂ ಕೈಗೆ ಬೇಡಿ ಬಿತ್ತು. ಎಲುಬಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ, ಅವನನ್ನು ಬಂಗಾರ ಎಂದಿದ್ದ ಮೈಸೂರಿನ ಅದೇ ಆಂಟಿ ಫೋನ್ ಮಾಡಿ, ಪೊಲೀಸರನ್ನ ಕರೀಬಾರದಿತ್ತು ಕಣಮ್ಮ, ಮನೆ ವಿಷಯ ಎಂದರು. ಹಾಗಾದರೆ ಅವರನ್ನ ಜಾಮೀನು ಕೊಟ್ಟು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ ಆಂಟಿ ಎಂದೆ. ಅವರು ಮತ್ತೆ ಫೋನ್ ಮಾಡಲಿಲ್ಲ. ಕೋರ್ಟು ಅವನನ್ನು ಮನೆಯ ಹತ್ತಿರ ಸುಳಿಯದಂತೆ ಮಾಡಿತು. ಅದರ ಆದೇಶ ಕೈಗೆ ಬಂದ ಸಂಜೆ ಮಗಳು ನನ್ನ ಪಕ್ಕದಲ್ಲೇ ಕೂತು ಆಸ್ಟಿನ್‌ಗೆ ಒಪ್ಪಿಗೆ ಕಳಿಸಿದಳು.

ಆಗಸ್ಟಿನ ಸುಡುಬಿಸಿಲಿನಲ್ಲಿ ಅವಳನ್ನು ಹಾಸ್ಟೆಲಿಗೆ ಬಿಡಲು ಹೋದೆ. ಕೋಣೆ ಪುಟ್ಟದು, ಇಬ್ಬರಿಗೆ. ಜೊತೆಯ ಹುಡುಗಿ ಮತ್ತು ಅವಳ ತಾಯಿ ಆಗಲೇ ಬಂದು ಪರದೆ ಹಾಕುತ್ತಿದ್ದರು. ಒಳ್ಳೆಯ ಹೆಂಗಸು, ನಗುಮುಖ, ನನಗೆ ತಣ್ಣೀರಿನ ಬಾಟಲಿ ಕೊಟ್ಟರು. ನಾನೂ ಮಗಳೂ ಸೇರಿ ಹಾಸಿಗೆ ಹಾಸಿದೆವು, ಬಟ್ಟೆ ಜೋಡಿಸಿದೆವು. ಕಿಟಕಿಯಿಂದ ಕಾಣುವ ಕಟ್ಟಡಗಳನ್ನೆಲ್ಲ ಮಗಳು ನನಗೆ ತೋರಿಸಿದಳು. ಅಷ್ಟು ಮಾತಾಡಿದ್ದನ್ನು ನಾನು ಎಷ್ಟೋ ದಿನದಿಂದ ಕೇಳಿರಲಿಲ್ಲ.

ಹೊರಡುವ ಹೊತ್ತಾಯಿತು. ಅವಳು ಕಾಲಿಗೆ ನಮಸ್ಕಾರ ಮಾಡಿ ಎದ್ದಳು. ತಲೆ ಸವರಿ ಹರಸೋಣವೆಂದು ನಾನು ಬಲಗೈ ಎತ್ತಿದೆ. ಅವಳು ಸರಕ್ಕನೆ ಕುಗ್ಗಿ, ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡಳು.

ಒಂದು ಕ್ಷಣವಷ್ಟೇ. ತೋಳು ಇಳಿಸಿ, ಸಾರಿ ಅಮ್ಮಾ ಎಂದು ನಗಲು ನೋಡಿದಳು. ಆದರೆ ಪರದೆ ಕಟ್ಟುತ್ತಿದ್ದ ಆ ತಾಯಿ ನೋಡಿಬಿಟ್ಟಿದ್ದರು. ನಗು ಮುಖದಿಂದ ಅಳಿಸಿಹೋಗಿತ್ತು. ನನ್ನ ಎತ್ತಿದ ಕೈಯನ್ನು ನೋಡಿದರು, ಮಗಳನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಮಕ್ಕಳನ್ನು ಹೊಡೆಯುವ ತಾಯಿಯನ್ನು ಹೇಗೆ ನೋಡಬೇಕೋ ಹಾಗೆ. ಆಮೇಲೆ ಬಂದು ಮಗಳ ಹೆಗಲ ಮೇಲೆ ಕೈಯಿಟ್ಟು, ನಮ್ಮಿಬ್ಬರ ನಡುವೆ ನಿಂತರು.

ಬಾಯಿ ತೆರೆಯಲು ಹೊರಟ ಮಗಳಿಗೆ ನಾನು ಕಣ್ಣಲ್ಲೇ ಬೇಡ ಎಂದೆ. ಆ ಹೆಂಗಸು ನನ್ನ ಬಗ್ಗೆ ಏನು ಬೇಕಾದರೂ ಅಂದುಕೊಳ್ಳಲಿ, ನನ್ನ ಮಗಳ ಮೇಲೆ ಯಾರಾದರೂ ಕೈ ಎತ್ತಿದರೆ ಅಡ್ಡ ಬರುವವರೊಬ್ಬರು ಆಸ್ಟಿನ್‌ನಲ್ಲಿ ಇದ್ದಾರೆ ಎಂದು ತಿಳಿಯಿತಲ್ಲ. ಅವರಿಗೆ ಕೈ ಮುಗಿದು, ಬಾಗಿಲು ಎಳೆದುಕೊಂಡು ಹೊರಗೆ ಬಂದೆ.